ಒಂಬತ್ತನೇ ಇನಿಂಗ್ಸ್ ಕಾಣದ ತೋಳುಗಳು

1920ರ ಮೇ 1ರಂದು ಅಮೆರಿಕದ ಬೋಸ್ಟನ್ ನಗರದಲ್ಲಿ ನಡೆದ ಒಂದು ಬೇಸ್‌ಬಾಲ್ ಪಂದ್ಯ ಮುಗಿಯಲೇ ಇಲ್ಲ. ಒಂಬತ್ತು ಇನಿಂಗ್ಸ್‌ಗಳಲ್ಲಿ ತೀರ್ಮಾನವಾಗಬೇಕಿದ್ದ ಆಟ 26 ಇನಿಂಗ್ಸ್‌ವರೆಗೆ ಎಳೆಯಿತು. ಕೊನೆಗೆ ಕತ್ತಲಾಯಿತೆಂದು 1-1ರ ಸಮದಲ್ಲಿ ನಿಲ್ಲಿಸಿದರು. ಅಚ್ಚರಿಯ ಸಂಗತಿ ಅದಲ್ಲ. ಬ್ರೂಕ್ಲಿನ್ ತಂಡದ ಲಿಯಾನ್ ಕ್ಯಾಡೋರ್ ಮತ್ತು ಬೋಸ್ಟನ್ ತಂಡದ ಜೋ ಓಶ್ಗರ್ ಮೊದಲ ಚೆಂಡಿನಿಂದ ಕೊನೆಯ ಚೆಂಡಿನವರೆಗೆ ತಾವೇ ಎಸೆದರು. ಹೆಚ್ಚುಕಡಿಮೆ ಮೂರು ಪಂದ್ಯಗಳ ಕೆಲಸವನ್ನು ಒಂದೊಂದು ತೋಳು ಒಂದೇ ಮಧ್ಯಾಹ್ನ ಮಾಡಿತ್ತು.

ಕ್ರಿಕೆಟ್ ಬಲ್ಲವರಿಗೆ ಇಲ್ಲೊಂದು ವ್ಯತ್ಯಾಸ ತಿಳಿದಿರಬೇಕು. ಕ್ರಿಕೆಟ್‌ನಲ್ಲಿ ಬೌಲರು ಒಂದು ಓವರ್ ಎಸೆದು ಬೌಂಡರಿ ಬಳಿ ಹೋಗಿ ದಣಿವಾರಿಸಿಕೊಳ್ಳಬಹುದು. ಬೇಸ್‌ಬಾಲ್‌ನ ಪಿಚರ್‌ಗೆ ಆ ಸೌಲಭ್ಯವಿಲ್ಲ. ಎದುರಾಳಿಯ ಪ್ರತಿಯೊಬ್ಬ ಆಟಗಾರನಿಗೂ ಅವನೇ ಎಸೆಯಬೇಕು, ಮತ್ತು ಒಮ್ಮೆ ಬದಲಿಯಾಗಿ ಹೊರಬಂದರೆ ಆ ಪಂದ್ಯಕ್ಕೆ ಮರಳುವಂತಿಲ್ಲ. ಒಂಬತ್ತು ಇನಿಂಗ್ಸ್‌ಗಳ 27 ಔಟ್‌ಗಳನ್ನೂ ಒಬ್ಬನೇ ಪಡೆದು ಪಂದ್ಯ ಮುಗಿಸಿದರೆ ಅದು 'ಕಂಪ್ಲೀಟ್ ಗೇಮ್'. ಒಂದೂ ರನ್ ಕೊಡದೆ ಮುಗಿಸಿದರೆ 'ಷಟ್‌ಔಟ್'.

ಒಂದು ಕಾಲದಲ್ಲಿ ಇದು ಸಾಧನೆಯಲ್ಲ, ದಿನದ ಕೂಲಿ. 1904ರಲ್ಲಿ ನ್ಯೂಯಾರ್ಕಿನ ಜ್ಯಾಕ್ ಚೆಸ್‌ಬ್ರೊ 51 ಪಂದ್ಯಗಳನ್ನು ಆರಂಭಿಸಿ 48ನ್ನು ತಾನೇ ಮುಗಿಸಿದ. ಸೈ ಯಂಗ್ ತನ್ನ ಆಟದ ಬದುಕಿನಲ್ಲಿ ಹೀಗೆ ಪೂರೈಸಿದ ಪಂದ್ಯಗಳು 749. ವಾಷಿಂಗ್ಟನ್ ತಂಡದ ವಾಲ್ಟರ್ ಜಾನ್ಸನ್ 1907ರಿಂದ 1927ರವರೆಗೆ ಆಡಿ 110 ಷಟ್‌ಔಟ್ ಗಳಿಸಿದ. ಇನ್ನು ಯಾರೂ ಇವುಗಳ ಹತ್ತಿರ ಸುಳಿಯಲಾರರು.

ಆ ಕಾಲದವರ ಮೂಳೆಗಳು ಉಕ್ಕಿನವಾಗಿದ್ದವೆಂದು ಹಳೆಯ ಅಭಿಮಾನಿಗಳು ಹೇಳುವುದುಂಟು. ಅಷ್ಟು ಸರಳವಲ್ಲ. ಆಗ ಒಂದೇ ಚೆಂಡನ್ನು ಕೊಳೆಯಾಗಿ, ಮೆತ್ತಗಾಗುವವರೆಗೂ ಬಳಸುತ್ತಿದ್ದರು. ಎಷ್ಟು ಬಲವಾಗಿ ಹೊಡೆದರೂ ಅದು ದೂರ ಹಾರುತ್ತಿರಲಿಲ್ಲ. ಹೀಗಾಗಿ ಪಿಚರ್ ಬಹುಪಾಲು ಹೊತ್ತು ಶಕ್ತಿಯನ್ನು ಉಳಿಸಿಕೊಂಡು, ಇಕ್ಕಟ್ಟಿನಲ್ಲಷ್ಟೇ ಪೂರ್ತಿ ಬಲ ಹಾಕಬಹುದಿತ್ತು. ಮಹಾನ್ ಪಿಚರ್ ಕ್ರಿಸ್ಟಿ ಮ್ಯಾಥ್ಯೂಸನ್‌ನ 1912ರ ಪುಸ್ತಕದ ಹೆಸರೇ 'ಪಿಚಿಂಗ್ ಇನ್ ಎ ಪಿಂಚ್', ಅಂದರೆ ಇಕ್ಕಟ್ಟಿನಲ್ಲಿ ಎಸೆಯುವುದು. 1920ರ ಆಗಸ್ಟ್‌ನಲ್ಲಿ ರೇ ಚಾಪ್‌ಮನ್ ಎಂಬ ಆಟಗಾರ ತಲೆಗೆ ಚೆಂಡು ಬಡಿದು ಸತ್ತ. ಆನಂತರ ಕೊಳೆಯಾದ ಚೆಂಡನ್ನು ಬದಲಿಸುವ ಪದ್ಧತಿ ಬಿಗಿಯಾಯಿತು. ಬಿಳಿಯ ಹೊಸ ಚೆಂಡು, ಜೊತೆಗೆ ಬೇಬ್ ರೂತ್‌ನಂಥ ಹೊಡೆತಗಾರ! ಎಸೆಯುವವನ ನೆಮ್ಮದಿಯ ದಿನಗಳು ಮುಗಿದವು.

ಆದರೂ ಛಲ ಉಳಿಯಿತು. 1963ರ ಜುಲೈ 2ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ 25 ವರ್ಷದ ಹ್ವಾನ್ ಮಾರಿಶಾಲ್‌ಗೆ ಎದುರಾಗಿದ್ದವನು 42 ವರ್ಷದ ವಾರನ್ ಸ್ಪಾನ್. ಆ ಮುದುಕ ಎಸೆಯುತ್ತಿರುವಾಗ ತಾನು ಹೇಗೆ ಹೊರಹೋಗಲಿ ಎಂದು ಮಾರಿಶಾಲ್ ಹಠ ಹಿಡಿದ ಕಥೆ ಪ್ರಸಿದ್ಧ. 16ನೇ ಇನಿಂಗ್ಸ್‌ನಲ್ಲಿ ವಿಲ್ಲಿ ಮೇಸ್ ಹೊಡೆದ ಹೋಮ್‌ರನ್ ಪಂದ್ಯವನ್ನು 1-0ಗೆ ಮುಗಿಸಿತು. ಮಾರಿಶಾಲ್ 227, ಸ್ಪಾನ್ 201 ಚೆಂಡು ಎಸೆದಿದ್ದರು. ಈಗ ನೂರು ದಾಟಿದರೆ ಮ್ಯಾನೇಜರ್ ಎದ್ದು ನಿಲ್ಲುತ್ತಾನೆ.

ಬದಲಾವಣೆಗೆ ದಾರಿಗಳು ಹಲವು. 1969ರಲ್ಲಿ 'ಸೇವ್' ಎಂಬುದು ಅಧಿಕೃತ ಅಂಕಿಅಂಶವಾಯಿತು. ಪಂದ್ಯದ ಕೊನೆಯನ್ನು ಕಾಯುವವನಿಗೂ ಲೆಕ್ಕ, ಬೆಲೆ ಬಂದವು. 1980ರ ದಶಕದ ಕೊನೆಗೆ ಓಕ್ಲೆಂಡ್ ತಂಡದ ಟೋನಿ ಲಾ ರೂಸಾ, ಡೆನಿಸ್ ಎಕರ್‌ಸ್ಲಿಯನ್ನು ಬಹುಮಟ್ಟಿಗೆ ಒಂಬತ್ತನೇ ಇನಿಂಗ್ಸ್‌ಗೇ ಮೀಸಲಿಟ್ಟು ಗೆದ್ದ. ಉಳಿದವರು ಅದನ್ನೇ ಅನುಸರಿಸಿದರು. ಅದೇ ಓಕ್ಲೆಂಡ್ 1980ರಲ್ಲಿ ಬಿಲ್ಲಿ ಮಾರ್ಟಿನ್ ಕೈಕೆಳಗೆ 94 ಕಂಪ್ಲೀಟ್ ಗೇಮ್ ಆಡಿತ್ತೆಂಬುದು ವಿಚಿತ್ರ. ಕೆಲವೇ ವರ್ಷಗಳಲ್ಲಿ ಆ ತರುಣ ಪಿಚರ್‌ಗಳಲ್ಲಿ ಹೆಚ್ಚಿನವರು ಮೂಲೆಗುಂಪಾದರು. ದುಡಿತವೇ ಕಾರಣವೆಂದು ಸಾಧಿಸುವುದು ಕಷ್ಟ. ಆದರೆ ಎಲ್ಲ ತಂಡಗಳೂ ಅದನ್ನು ಎಚ್ಚರಿಕೆಯೆಂದೇ ಓದಿಕೊಂಡವು.

ಆಮೇಲೆ ಬಂದದ್ದು ಗಣಿತ. ಒಬ್ಬ ಬ್ಯಾಟ್ಸ್‌ಮನ್ ಅದೇ ಪಿಚರ್‌ನನ್ನು ಮೂರನೇ ಸಲ ಎದುರಿಸುವಾಗ ಹೆಚ್ಚು ಚೆನ್ನಾಗಿ ಆಡುತ್ತಾನೆಂದು ಲೆಕ್ಕ ತೋರಿಸಿತು. 2020ರ ವಿಶ್ವ ಸರಣಿಯ ಆರನೇ ಪಂದ್ಯದಲ್ಲಿ ಟಾಂಪಾ ಬೇ ತಂಡದ ಬ್ಲೇಕ್ ಸ್ನೆಲ್ ಆರನೇ ಇನಿಂಗ್ಸ್‌ನಲ್ಲಿದ್ದ. ಎಸೆದದ್ದು 73 ಚೆಂಡು, ಸ್ಟ್ರೈಕ್‌ಔಟ್ ಮಾಡಿದ್ದು ಒಂಬತ್ತು ಮಂದಿಯನ್ನು, ಕೊಟ್ಟ ಹಿಟ್ ಎರಡೇ. ತಂಡ 1-0 ಮುಂದಿತ್ತು. ಎದುರಾಳಿಗಳು ಮೂರನೇ ಸುತ್ತಿಗೆ ಬಂದರೆಂದು ಮ್ಯಾನೇಜರ್ ಕೆವಿನ್ ಕ್ಯಾಶ್ ಅವನನ್ನು ಹೊರಗೆ ಕರೆದ. ಲಾಸ್ ಏಂಜಲಿಸ್ ಡಾಜರ್ಸ್ ಕೂಡಲೇ ಎರಡು ರನ್ ಗಳಿಸಿ, 3-1ರಿಂದ ಪಂದ್ಯವನ್ನೂ ಸರಣಿಯನ್ನೂ ಗೆದ್ದಿತು. ಲೆಕ್ಕ ಸಾವಿರ ಪಂದ್ಯಗಳ ಸರಾಸರಿಯನ್ನು ಹೇಳುತ್ತದೆ. ಆ ಸಂಜೆ ಆ ತೋಳು ಹೇಗಿತ್ತೆಂದು ಹೇಳುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಡಾಜರ್ಸ್ ತಂಡವೇ ಕ್ಲೇಟನ್ ಕರ್ಶಾನನ್ನು ಏಳು ಇನಿಂಗ್ಸ್ ನಂತರ ಹೊರಗೆ ಕರೆಯಿತು. ಅವನು 80 ಚೆಂಡುಗಳಲ್ಲಿ ಒಬ್ಬನನ್ನೂ ಬೇಸ್ ಮುಟ್ಟಗೊಟ್ಟಿರಲಿಲ್ಲ.

ಇಷ್ಟು ಜೋಪಾನ ಮಾಡಿದರೂ ತೋಳುಗಳು ಉಳಿದವೇ? ಇಲ್ಲ. 1974ರಲ್ಲಿ ವೈದ್ಯ ಫ್ರಾಂಕ್ ಜೋಬ್, ಟಾಮಿ ಜಾನ್ ಎಂಬ ಪಿಚರ್‌ನ ಮೊಣಕೈಗೆ ಮಾಡಿದ ಸ್ನಾಯುರಜ್ಜು ಜೋಡಣೆ ಅಂದು ಪವಾಡವಾಗಿತ್ತು. ಇಂದು ಶಾಲಾ ಹುಡುಗರಿಗೂ ಮಾಡುವ ಶಸ್ತ್ರಚಿಕಿತ್ಸೆ. 2024ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಪ್ರಕಟಿಸಿದ ವರದಿ ವೇಗದ ಬೆನ್ನಟ್ಟುವಿಕೆಯತ್ತ, ಪ್ರತಿ ಚೆಂಡಿಗೂ ಪೂರ್ತಿ ಬಲ ಹಾಕುವ ರೂಢಿಯತ್ತ ಬೆರಳು ಮಾಡಿತು. ಐದೇ ಇನಿಂಗ್ಸ್ ಎಸೆಯುವವನು ಏನನ್ನೂ ಉಳಿಸಿಕೊಳ್ಳಬೇಕಾಗಿಲ್ಲ. ಮ್ಯಾಥ್ಯೂಸನ್‌ಗೆ ಅಪರೂಪವಾಗಿದ್ದ ಇಕ್ಕಟ್ಟು ಇವರಿಗೆ ನಿತ್ಯದ್ದು.

30 ತಂಡಗಳು, ತಲಾ 162 ಪಂದ್ಯ. 2024ರ ಇಡೀ ಋತುವಿನಲ್ಲಿ ಕಂಪ್ಲೀಟ್ ಗೇಮ್‌ಗಳು 28. ಚೆಸ್‌ಬ್ರೊ ಒಬ್ಬನದೇ ಲೆಕ್ಕ ಇದಕ್ಕಿಂತ ದೊಡ್ಡದು. ಆದರೆ 2025ರ ಅಕ್ಟೋಬರ್‌ನಲ್ಲಿ ಜಪಾನಿನ ಯೋಶಿನೊಬು ಯಾಮಾಮೊಟೊ ಡಾಜರ್ಸ್ ಪರವಾಗಿ ಸತತ ಎರಡು ಪಂದ್ಯಗಳನ್ನು ಕೊನೆಯವರೆಗೂ ಎಸೆದ, ಎರಡನೆಯದು ವಿಶ್ವ ಸರಣಿಯಲ್ಲಿ. ಅಲ್ಲಿ 2015ರ ನಂತರ ಯಾರೂ ಒಂಬತ್ತು ಇನಿಂಗ್ಸ್ ಮುಗಿಸಿರಲಿಲ್ಲ. ಟೊರಾಂಟೊದಲ್ಲಿ ಅವನು ಎಸೆದದ್ದು 105 ಚೆಂಡು. ಕೊನೆಯ 20 ಆಟಗಾರರಲ್ಲಿ ಒಬ್ಬನೂ ಬೇಸ್ ತಲುಪಲಿಲ್ಲ. ಎರಡೂ ಪಂದ್ಯಗಳಲ್ಲಿ ಒಂದೊಂದು ರನ್ ಹೋಗಿದ್ದರಿಂದ ಷಟ್‌ಔಟ್ ಮಾತ್ರ ಆಗಲಿಲ್ಲ.