ಚೆಂಡು ಹೂವಿನ ಹಳದಿಯ ಹಾದಿ

ಆಯುಧಪೂಜೆಯ ದಿನ ನೇಗಿಲಿನಿಂದ ಲಾರಿಯವರೆಗೆ ಎಲ್ಲಕ್ಕೂ ಚೆಂಡು ಹೂವಿನ ಹಾರ ಬೀಳುತ್ತದೆ. ಅನಾದಿಯಿಂದಲೂ ನಮ್ಮದೇ ಎನಿಸುವ ಈ ಹೂವಿನ ತವರು ಮಾತ್ರ ಮೆಕ್ಸಿಕೊ. ಅಲ್ಲಿನ ಅಜ್ಟೆಕ್ ಜನ ಇದನ್ನು ‘ಇಪ್ಪತ್ತು ಹೂ’ ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು. ಸತ್ತ ಹಿರಿಯರನ್ನು ನೆನೆಯುವ ಹಬ್ಬಕ್ಕೆ ಅಲ್ಲಿ ಇಂದಿಗೂ ಇದೇ ಹೂ ಬೇಕು. ಸ್ಪೇನಿನ ಕೋರ್ಟೆಸ್ 1519ರಲ್ಲಿ ಅಲ್ಲಿಗೆ ದಂಡೆತ್ತಿ ಹೋದ ನಂತರ, ಐರೋಪ್ಯರ ಹಡಗುಗಳ ಮೂಲಕ ಅದು ಲೋಕ ಸುತ್ತಿ ಭಾರತಕ್ಕೂ ಬಂತು.

ಈ ಹೂವಿಗೆ ಹಳದಿ ಕೊಡುವುದು ಲ್ಯೂಟಿನ್ ಎಂಬ ವರ್ಣದ್ರವ್ಯ. ಸೊಪ್ಪುಗಳಲ್ಲಿ ಮತ್ತು ಮೊಟ್ಟೆಯ ಹಳದಿಯಲ್ಲಿ ಇರುವುದೂ ಇದೇ. ಬೆಳಕಿನ ಹೊಡೆತಕ್ಕೆ ಆಮ್ಲಜನಕದ ಕೆಲವು ಅಣುಗಳು ಉಗ್ರರೂಪ ತಾಳಿ ಜೀವಕೋಶವನ್ನು ಕೆಡಿಸುತ್ತವೆ. ಲ್ಯೂಟಿನ್ ಅವುಗಳ ಹೆಚ್ಚಿನ ಶಕ್ತಿಯನ್ನು ತಾನು ಹೀರಿ ಶಾಖವಾಗಿ ಹೊರಬಿಡುತ್ತದೆ. ಉತ್ಕರ್ಷಣ ನಿರೋಧಕ ಗುಣವೆಂದರೆ ಇಂಥದ್ದೇ.

ಮನುಷ್ಯನ ದೇಹ ಲ್ಯೂಟಿನ್ ತಯಾರಿಸಲಾರದು, ಊಟದಿಂದಲೇ ಪಡೆಯಬೇಕು. ಹೀಗೆ ಪಡೆದದ್ದು ಕಣ್ಣಿನ ಅಕ್ಷಿಪಟಲದ ನಡುವೆ ಸೇರಿ ಹಳದಿ ಚುಕ್ಕೆಯಾಗುತ್ತದೆ. ಆ ಬಣ್ಣ ಎಲೆಗಳ ಹಳದಿಯ ಕುಲದ್ದೆಂದು ಅಮೆರಿಕದ ವಿಜ್ಞಾನಿ ಜಾರ್ಜ್ ವಾಲ್ಡ್ 1945ರಲ್ಲಿ ತೋರಿಸಿದರು.

ಹೂವಿನ ದಳಗಳನ್ನು ಹುದುಗಿಸಿ, ಒಣಗಿಸಿ, ಹೆಕ್ಸೇನ್ ದ್ರಾವಕದಿಂದ ಸಾರ ತೆಗೆಯುತ್ತಾರೆ. ಮೊಟ್ಟೆಯ ಹಳದಿ ಗಾಢವಾಗಲೆಂದು ಅದನ್ನು ಕೋಳಿಯ ಆಹಾರಕ್ಕೆ ಬೆರೆಸುವುದುಂಟು. ಕಣ್ಣಿನ ಮಾತ್ರೆಗಳಿಗೂ ಅದೇ ಮೂಲ. ಗುಂಡ್ಲುಪೇಟೆ ಸುತ್ತಿನ ಹೊಲಗಳಲ್ಲಿ ಅರಳುವ ಚೆಂಡು ಹೂವಿನ ಬಹುಪಾಲು ಗುಡಿಗೆ ಹೋಗುವುದಿಲ್ಲ, ಇಂಥ ಕಾರ್ಖಾನೆಗೆ ಹೋಗುತ್ತದೆ.

ಹಾಗೆಂದು ಹೂವಿನ ಸಾರವೆಲ್ಲ ಸಂಜೀವಿನಿ ಎನ್ನಲಾಗದು. ಲ್ಯೂಟಿನ್‌ನ ದಾಯಾದಿಯಾದ ಬೀಟಾ ಕೆರೋಟಿನ್ ಕೂಡ ಉತ್ಕರ್ಷಣ ನಿರೋಧಕವೇ. ಫಿನ್ಲೆಂಡಿನಲ್ಲಿ 29,133 ಧೂಮಪಾನಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1994ರಲ್ಲಿ ಹೊರಬಿದ್ದಾಗ, ಅದನ್ನು ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಿತ್ತು! ವಯಸ್ಸಾದವರ ದೃಷ್ಟಿ ಕುಂದುವ ರೋಗದ ಬಗ್ಗೆ ಅಮೆರಿಕದಲ್ಲಿ 4,203 ಜನರ ಮೇಲೆ ನಡೆದ ಪರೀಕ್ಷೆ 2013ರಲ್ಲಿ ಪ್ರಕಟವಾಯಿತು. ಹಳೆಯ ಔಷಧಕ್ಕೆ ಲ್ಯೂಟಿನ್ ಸೇರಿಸಿದ್ದರಿಂದ ಒಟ್ಟಾರೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಆದರೆ ಬೀಟಾ ಕೆರೋಟಿನ್ ತೆಗೆದು ಆ ಜಾಗಕ್ಕೆ ಇದನ್ನು ಹಾಕುವುದು ಧೂಮಪಾನಿಗಳಿಗೆ ಕ್ಷೇಮವೆಂದು ತಿಳಿಯಿತು.

ಪ್ರಯೋಗನಾಳದಲ್ಲಿ ಗೆದ್ದದ್ದು ದೇಹದಲ್ಲೂ ಗೆಲ್ಲಬೇಕೆಂದಿಲ್ಲ. ಮಾತ್ರೆಯನ್ನು ವೈದ್ಯರು ಹೇಳಿದರೆ ನುಂಗಿದರಾಯಿತು. ಅದೇ ಲ್ಯೂಟಿನ್ ಪಾಲಕ್, ನುಗ್ಗೆಸೊಪ್ಪಿನ ಸಾರಿನಲ್ಲೂ ಇದೆ.