ವೆಬ್ ಫಾರ್ಮ್‌ಗಳಲ್ಲಿ ಎಂಟರ್ ಕೀಲಿ ಮತ್ತು ಬಟನ್‌ಗಳು

ವೆಬ್ ಫಾರ್ಮ್ ತುಂಬಿದವರು ಅದನ್ನು ಬಟನ್ ಒತ್ತಿ ಕಳಿಸಬಹುದು, ಇಲ್ಲವೇ ಟೈಪ್ ಮಾಡುತ್ತಿದ್ದ ಚೌಕದಲ್ಲೇ ಎಂಟರ್ ಒತ್ತಿ ಕಳಿಸಬಹುದು. ಬಟನ್ ಒಂದೇ ಇದ್ದರೆ ತೊಡಕಿಲ್ಲ. ‘ಉಳಿಸಿ’, ‘ಅಳಿಸಿ’ ಎಂದು ಎರಡು ಬಟನ್ ಬಂದ ಕೂಡಲೇ, ಎಂಟರ್ ಒತ್ತಿದರೆ ಯಾವುದನ್ನು ಒತ್ತಿದಂತೆ ಎಂಬ ಪ್ರಶ್ನೆ ಏಳುತ್ತದೆ.

ಈ ಪ್ರಶ್ನೆ ವೆಬ್‌ಗಿಂತ ಹಳೆಯದು. ಐಬಿಎಂ 1971ರಲ್ಲಿ ತಂದ 3270 ಟರ್ಮಿನಲ್‌ನಲ್ಲಿ ಪರದೆಯ ಖಾಲಿ ಜಾಗಗಳನ್ನು ತುಂಬಿ ಎಂಟರ್ ಒತ್ತಿದರೆ, ತುಂಬಿದ್ದೆಲ್ಲ ಒಟ್ಟಿಗೆ ಮೇನ್‌ಫ್ರೇಮಿಗೆ ಹೋಗುತ್ತಿತ್ತು. ಎಂಟರ್ ಒತ್ತಿದ್ದೋ, ಬೇರೆ ಫಂಕ್ಷನ್ ಕೀಲಿ ಒತ್ತಿದ್ದೋ ಎಂದು ತಿಳಿಸುವ ಸಂಕೇತವೂ ಅದರ ಜೊತೆಗೇ ಹೋಗುತ್ತಿತ್ತು. ಇಷ್ಟು ಅಚ್ಚುಕಟ್ಟಾದ ಏರ್ಪಾಟನ್ನು ವೆಬ್ ಮೊದಲಿನಿಂದ ಕಟ್ಟಿಕೊಳ್ಳಬೇಕಾಯಿತು.

1993ರ ಹೊತ್ತಿಗೆ ಮೊಸಾಯಿಕ್ ಬ್ರೌಸರಿನಲ್ಲಿ ಫಾರ್ಮ್‌ಗಳು ಕಾಣಿಸಿಕೊಂಡವು. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ 1995ರ ನವೆಂಬರಿನಲ್ಲಿ ಬಂದ ಆವೃತ್ತಿ 2.0, ಒಂದು ಸಾಲಿನ ಪಠ್ಯದ ಚೌಕ ಒಂದೇ ಇದ್ದರೆ ಎಂಟರ್ ಅನ್ನು ಸಲ್ಲಿಕೆಯೆಂದು ಬ್ರೌಸರು ಒಪ್ಪಬೇಕು ಎಂದಿತು. ಹೆಚ್ಚು ಚೌಕಗಳಿದ್ದರೆ ಏನು ಮಾಡಬೇಕೆಂದು ಹೇಳಲಿಲ್ಲ. 1997ರ ಎಚ್‌ಟಿಎಂಎಲ್ 4.0 ‘ಬಟನ್’ ಎಂಬ ಹೊಸ ಟ್ಯಾಗ್ ತಂದು, ಹಲವು ಬಟನ್‌ಗಳಿದ್ದರೆ ಒತ್ತಿದ ಬಟನ್ನಿನ ಹೆಸರು ಮಾತ್ರ ಸರ್ವರಿಗೆ ಹೋಗಬೇಕೆಂದು ವಿಧಿಸಿತು. ಆದರೆ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಆ ಟ್ಯಾಗಿನ ಬಟನ್‌ಗಳನ್ನೆಲ್ಲ ಒಟ್ಟಿಗೆ ಕಳಿಸುತ್ತಿತ್ತು. ಒತ್ತಿದ್ದು ಯಾವುದೆಂದು ಸರ್ವರಿಗೆ ತಿಳಿಯುತ್ತಲೇ ಇರಲಿಲ್ಲ. ಚೌಕ ಒಂದೇ ಇದ್ದಾಗ ಎಂಟರ್ ಒತ್ತಿದರೆ ಬಟನ್ನಿನ ಹೆಸರನ್ನೇ ಬಿಟ್ಟು ಕಳಿಸುವ ಚಾಳಿಯೂ ಆ ಬ್ರೌಸರಿಗಿತ್ತು.

ಹಾಗಾಗಿ ಪ್ರೋಗ್ರಾಮರುಗಳು ತಾವೇ ದಾರಿ ಹುಡುಕಿದರು. ಕೀಲಿಯ ಸಂಖ್ಯೆ 13 ಬಂತೇ ಎಂದು ಜಾವಾಸ್ಕ್ರಿಪ್ಟಿನಲ್ಲಿ ಕಾದು ಹಿಡಿಯುವುದು ಒಂದು. ಟೈಪ್‌ರೈಟರಿನ ‘ಕ್ಯಾರಿಯೇಜ್ ರಿಟರ್ನ್’ಗೆ, ಅಕ್ಷರಗಳಿಗೆ ಸಂಖ್ಯೆ ಗೊತ್ತುಮಾಡುವ ಆಸ್ಕಿ ಪದ್ಧತಿ ಕೊಟ್ಟ ಸಂಖ್ಯೆಯೇ ಈ 13. ಕಣ್ಣಿಗೆ ಕಾಣದ ಬಟನ್ನೊಂದನ್ನು ಎಲ್ಲಕ್ಕಿಂತ ಮೊದಲು ಇಡುವುದು ಇನ್ನೊಂದು. ವೆಬ್ ತಾಣ ಕಟ್ಟುವ ಸಾಧನವಾದ 2005ರ ಎಎಸ್‌ಪಿ ಡಾಟ್ ನೆಟ್ 2.0 ಎಂಟರ್‌ಗೆ ಒಪ್ಪುವ ಬಟನ್ನನ್ನು ಹೆಸರಿಸುವ ‘ಡೀಫಾಲ್ಟ್ ಬಟನ್’ ಸೌಲಭ್ಯವನ್ನೇ ಕೊಟ್ಟಿತು.

2014ರಲ್ಲಿ ಅಂಗೀಕಾರವಾದ ಎಚ್‌ಟಿಎಂಎಲ್5 ನಿಯಮವನ್ನು ಸ್ಪಷ್ಟಪಡಿಸಿತು: ಪುಟದ ಕೋಡಿನಲ್ಲಿ ಮೊದಲು ಬರುವ ಸಲ್ಲಿಕೆ ಬಟನ್ನೇ ಡೀಫಾಲ್ಟ್, ಎಂಟರ್ ಒತ್ತಿದರೆ ಅದನ್ನೇ ಒತ್ತಿದಂತೆ. ನಿಯಮ ಸರಳ, ಆದರೆ ಅಪಾಯ ಇರುವುದೂ ಅಲ್ಲೇ. ವಿಳಾಸ ತಿದ್ದುವ ಫಾರ್ಮ್ ಒಂದರ ಕೋಡಿನಲ್ಲಿ ‘ಅಳಿಸಿ’ ಮೊದಲು, ‘ಉಳಿಸಿ’ ಆಮೇಲೆ ಇದೆ ಎನ್ನಿ. ಅಲಂಕಾರದ ಸಿಎಸ್‌ಎಸ್‌ನಿಂದ ಪರದೆಯ ಮೇಲೆ ‘ಉಳಿಸಿ’ಯೇ ಮುಂದೆ ಕಾಣುತ್ತಿದೆ. ಪಿನ್‌ಕೋಡಿನ ಕೊನೆಯ ಅಂಕಿ ಹೊಡೆದು ಎಂಟರ್ ಒತ್ತಿದವರ ವಿಳಾಸವೇ ಅಳಿಸಿಹೋಗುತ್ತದೆ. ಇದು ಬಳಸಿದವರ ತಪ್ಪಲ್ಲ, ಬರೆದವರದು. ಬಗೆ ನಮೂದಿಸದ ‘ಬಟನ್’ ಟ್ಯಾಗ್ ಕೂಡ ಸಲ್ಲಿಕೆ ಬಟನ್ನೇ ಆಗುತ್ತದೆ ಎಂಬುದನ್ನು ಮರೆತು ‘ರದ್ದು ಮಾಡಿ’ ಬಟನ್ನಿನಿಂದಲೇ ಫಾರ್ಮ್ ಹೊರಟುಹೋಗುವಂತೆ ಮಾಡಿದವರೂ ಬಹಳ.

ಫಾರ್ಮ್ ಹೋಗಿ ಸೇರಬೇಕಾದ ಬೇರೆ ವೆಬ್ ವಿಳಾಸವನ್ನು ಬಟನ್ನಿಗೇ ಕೊಡುವ ‘ಫಾರ್ಮ್‌ಆ್ಯಕ್ಷನ್’ ಕೂಡ ಎಚ್‌ಟಿಎಂಎಲ್5ರದೇ. ಯಾವ ಬಟನ್ನಿನಿಂದ ಸಲ್ಲಿಕೆಯಾಯಿತೆಂದು ಸ್ಕ್ರಿಪ್ಟಿಗೆ ತಿಳಿಸುವ ‘ಸಬ್ಮಿಟರ್’ ಆಮೇಲೆ ಸೇರಿತು.

ಎಂಟರ್ ಒತ್ತಿದ್ದೆಲ್ಲ ಸಲ್ಲಿಕೆಗೇ ಎಂದುಕೊಳ್ಳುವಂತೆಯೂ ಇಲ್ಲ. ಜಪಾನಿ, ಚೀನಿ ಭಾಷೆಗಳಲ್ಲಿ ಟೈಪ್ ಮಾಡುವವರು ಪಟ್ಟಿಯಿಂದ ಪದ ಆರಿಸಲೂ ಎಂಟರ್ ಒತ್ತುತ್ತಾರೆ. ಲಿಪ್ಯಂತರದ ಮೂಲಕ ಕನ್ನಡ ಬರೆಯುವವರಿಗೂ ಈ ಸಂದರ್ಭ ಬರುತ್ತದೆ. ಎಂಟರ್ ಹಿಡಿಯುವ ಸ್ಕ್ರಿಪ್ಟ್ ಬರೆಯುವವರು, ಪದ ಇನ್ನೂ ರೂಪುಗೊಳ್ಳುತ್ತಿದೆಯೇ ಎಂದು ಹೇಳುವ ‘ಈಸ್‌ಕಂಪೋಸಿಂಗ್’ ಅನ್ನು ಮೊದಲು ಪರೀಕ್ಷಿಸಬೇಕು.