ಇಂಗಾಲದ ಡೈಆಕ್ಸೈಡ್ ಅಪಾಯ: ಹಗೇವು ಮತ್ತು ಬಾವಿ ಕೆಲಸ
ಗಾಳಿಯಾಡದ ಕೆಲಸದ ಜಾಗಗಳಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಒದಗುವ ಪ್ರಾಣಾಪಾಯ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಗಾಳಿಗಿಂತ ಸುಮಾರು 1.5 ಪಟ್ಟು ಭಾರವಾದ್ದರಿಂದ ತಗ್ಗಿನಲ್ಲಿ ನಿಲ್ಲುತ್ತದೆ. ರಾಯಚೂರು ಹಾಗೂ ಅದರ ನೆರೆಯ ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ ಜೋಳದ ಸೀಮೆ. ಇಂಥ ಸೀಮೆಯಲ್ಲಿ ಕಾಳು ತುಂಬಿಡುವ ನೆಲದಡಿಯ ಹಗೇವು, ಹಾಳುಬಾವಿಗಳೇ ಅಪಾಯದ ತಾಣಗಳು. ಬಾಯಿ ಮುಚ್ಚಿದ ಹಗೇವಿನಲ್ಲಿ ಕಾಳು, ಹುಳುಗಳ ಉಸಿರಾಟದಿಂದ ಆಮ್ಲಜನಕ ಕುಗ್ಗಿ ಈ ಅನಿಲ ಹೆಚ್ಚುತ್ತದೆ. ಹುಳು ಕೊಂದು ಕಾಳು ಕಾಯುವ ಇದೇ ಗಾಳಿ ಒಳಗಿಳಿದವರ ಜೀವ ತೆಗೆಯುತ್ತದೆ.

ಪರಿಣಾಮ: ಹೊರಗಾಳಿಯಲ್ಲಿ ಇದರ ಪ್ರಮಾಣ ಶೇ 0.04, 8 ಗಂಟೆಯ ಕೆಲಸಕ್ಕೆ ಮಿತಿ ಶೇ 0.5. ಶೇ 3ರ ಹೊತ್ತಿಗೆ ಏದುಸಿರು, ತಲೆನೋವು. ಶೇ 10 ದಾಟಿದರೆ ನಿಮಿಷಗಳಲ್ಲೇ ಪ್ರಜ್ಞೆ ತಪ್ಪುತ್ತದೆ.

ಮುನ್ನೆಚ್ಚರಿಕೆ: ಹಗೇವಿನ ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಕಂದೀಲು ಇಳಿಬಿಟ್ಟು ನೋಡುವುದು ಹಳೆಯ ರೂಢಿ. ದೀಪ ಆರಿದರೆ ಇಳಿಯಬಾರದು. ಉರಿಯುತ್ತಿದ್ದರೂ ನಂಬುವಂತಿಲ್ಲ, ಶೇ 4ರಷ್ಟು ಅಪಾಯಕಾರಿ ಪ್ರಮಾಣದಲ್ಲೂ ದೀಪ ಉರಿಯಬಲ್ಲದು. ಅನಿಲಮಾಪಕದ ಪರೀಕ್ಷೆ, ಸೊಂಟಕ್ಕೆ ಹಗ್ಗ, ಮೇಲೆ ಕಾವಲಿಗೆ ಒಬ್ಬರು ಇರಲೇಬೇಕು. ಒಳಗೆ ಬಿದ್ದವರನ್ನು ಎತ್ತಲು ಉಸಿರಾಟದ ಸಲಕರಣೆಯಿಲ್ಲದೆ ಯಾರೂ ಇಳಿಯಕೂಡದು; ಇಂಥ ದುರಂತಗಳಲ್ಲಿ ಕಾಪಾಡಲು ಹೋದವರೂ ಸಾಯುತ್ತಾರೆ.